ಕಾಗೆಯ ಅಳತೆ

ಎದೆಯ ಸುತ್ತಳತೆ ತೆಗೆಯುವಾಗ
ಉಸಿರು ಬಿಗಿಹಿಡಿದಿದ್ದೆ. ಅದೇ ತಪ್ಪು.
ಈಗ ಕವಚ ಸಿದ್ಧ. ಬಕಲ್ಲು ಹಾಕಿದರೆ
ಸರಿಯಾಗಿ ಕೂರುತ್ತದೆ,
ಸತ್ತವಳಿಗಾದರೆ.

ಕೌಲ್ ಬಜಾರಿನ ಯೂನಿಟ್ಟಿನಲ್ಲಿ ಹನ್ನೊಂದು ವರ್ಷ
ಜೀನ್ಸಿಗೆ ಜಿಪ್ಪು ಕೂರಿಸಿದ್ದೇನೆ, ದಿನಕ್ಕೆ ಇನ್ನೂರೈವತ್ತು.
ಯಾರ ಸೊಂಟವೋ, ಯಾವ ಊರೋ,
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ನನ್ನ ಮೈಗೆ ನಾನೇ ಟೇಪು ಹಿಡಿದದ್ದು ಇದೇ ಮೊದಲು.

ಗರಿಗಳಿಗೆ ಬಟ್ಟೆ ಕೊಂಡಿಲ್ಲ.
ಕಟಿಂಗ್ ಟೇಬಲ್ಲಿನ ಕೆಳಗೆ ಬಿದ್ದ ಚೂರುಗಳನ್ನು
ಖಾಜಾಬೀ ಗೋಣಿಚೀಲಕ್ಕೆ ತುಂಬಿ
'ಒಯ್ಯಿ, ಇಲ್ಲಾಂದ್ರ ಬಾಯ್ಲರ್ ತಿಂತೈತಿ' ಅಂದಳು.
ಒಗೆಯದ ಕಡುನೀಲಿ ಬೆನ್ನಿಗೆ,
ಕಲ್ಲಿನ ಜೊತೆ ತಿರುಗಿ ಮಾಸಿದ್ದು ಹೊಟ್ಟೆಗೆ,
ಆಸಿಡ್ಡು ಕಚ್ಚಿ ಬಿಳಿಚಿದ್ದು ಕುತ್ತಿಗೆಯ ಸುತ್ತ.
ಊರ ಕಾಗೆಗೆ ಕುತ್ತಿಗೆ ಬೂದಿಬಣ್ಣ ಇರುತ್ತದಲ್ಲ,
ಜನ ನೋಡಿರುವುದಿಲ್ಲ, ನಾನು ನೋಡಿದ್ದೇನೆ.
ಆರುನೂರ ಹನ್ನೆರಡು ಗರಿ.
ಆಮೇಲೆ ಎಣಿಸಲಿಲ್ಲ.

ಕೊಕ್ಕಿಗೂ ಎದೆಗೂ ಚಪ್ಪಲಿ ಅಂಗಡಿಯ ಫೋಮ್ ಶೀಟು.
ಹೀಟ್ ಗನ್ನಿಗೆ ಎರಡು ಸಾವಿರ ಅಂದರು.
ಬಳ್ಳಾರಿಯ ಮೇ ತಿಂಗಳಿಗೆ ಯಾರೂ ಬಿಲ್ಲು ಕೇಳುವುದಿಲ್ಲ.
ಮಧ್ಯಾಹ್ನ ಎರಡಕ್ಕೆ ಮಾಳಿಗೆ ಮೇಲೆ ಹಾಸಿ,
ಮೆತ್ತಗಾದದ್ದನ್ನು ಇಸ್ತ್ರಿಪೆಟ್ಟಿಗೆಯಿಂದ ಇನ್ನಷ್ಟು ಬೆದರಿಸಿ
ಅವ್ವನ ತಾಮ್ರದ ಕೊಡಕ್ಕೆ ಅಪ್ಪಿಸಿ ಹಿಡಿದೆ,
ನೂರು ಎಣಿಸುವವರೆಗೆ.
ಕೊಡ ಎದೆಯಾಯಿತು.
ಅಂಟು ಮಾತ್ರ ಅದೇ ಬಿಸಿಲಿಗೆ ಬಿಟ್ಟುಕೊಂಡು
ಮರುದಿನ ಎಡಗಡೆ ಬಾಯಿ ತೆರೆದು ಕೂತಿತ್ತು.
ಬೈದೆ. ಮತ್ತೆ ಹಚ್ಚಿದೆ, ರಾತ್ರಿ.
ಹೆಬ್ಬೆರಳಿಗೆ ಗುಳ್ಳೆ. ಉಗುರ ಸಂದಿಯಲ್ಲಿ ಎಷ್ಟು ನೀಲಿ ಅಂದರೆ
ಅನ್ನ ಕಲೆಸಲು ಸಂಕೋಚ.

'ಯಾರಿಗವ್ವ ಇದು? ಸಾಲಿ ಗ್ಯಾದರಿಂಗಿಗಾ?'
ನನಗೆ, ಅಂದೆ.
ಮೂವತ್ತೇಳರ ಹೆಂಗಸಿಗೆ ರೆಕ್ಕೆ ಯಾಕೆಂದು
ಕೇಳಲೂ ಆಗದೆ ಬಿಡಲೂ ಆಗದೆ
ಎದುರುಮನೆಯಾಕೆ ಸಕ್ಕರೆ ಇಸಕೊಂಡು ಹೋದಳು.
ನನ್ನ ಬಳಿಯೂ ಉತ್ತರವಿರಲಿಲ್ಲ.
ನವಿಲು ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ.

ರೆಕ್ಕೆಗೆ ವೈರಿಂಗ್ ಪೈಪು, ನಡುವೆ ಅಲ್ಯೂಮಿನಿಯಂ ಪಟ್ಟಿ.
ಮಾಳಿಗೆ ಮೇಲೇ ಕಟ್ಟಿದೆ, ಮೊಳ ಮೊಳ ಬೆಳೆಸಿದೆ,
ಬಿಡಿಸಿದರೆ ನೀರಿನ ಟ್ಯಾಂಕಿನಿಂದ ಪ್ಯಾರಾಪೆಟ್ಟಿನವರೆಗೆ.
ಇಳಿಸುವ ದಿನ ಗೊತ್ತಾಯಿತು
ಮೆಟ್ಟಿಲ ಬಾಗಿಲು ಎರಡೂವರೆ ಅಡಿ.
ಎರಡು ತಾಸು ಅಡ್ಡ ಹಿಡಿದೆ, ಉದ್ದ ಹಿಡಿದೆ, ಓರೆ ಮಾಡಿದೆ.
'ಹಾರ್ಕಂತ ಇಳಿಯಕ್ಕ' ಅಂದ ತಮ್ಮ ಕೆಳಗಿನಿಂದ.

ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಕಾಯುತ್ತಿದ್ದ
ಗಾದಿಲಿಂಗಪ್ಪ ಎದ್ದು ನಿಂತ. ಬಯಲಾಟದಲ್ಲಿ
ನಲವತ್ತು ವರ್ಷ ರಾಜನಾಗಿ ಕುಣಿದವನು,
ಈಗ ಮೊಣಕಾಲಿಗೆ ಎಣ್ಣೆ.
'ಗ್ವಾಡಿ ಒಡಿಯಾಕ ಆಗಲ್ಲ, ರೆಕ್ಕಿ ಕೊಯ್ಯಿ.
ಬಾಗಲದ ಕೀಲು ಹಾಕು, ಮಡಚ್ತೈತಿ.
ಮತ್ತ ಭಾರ ಹೆಗಲಿಗೆ ಕೊಡಬ್ಯಾಡ, ಟೊಂಕಕ್ಕ ಕೊಡು.
ನನ್ನ ಭುಜಕೀರ್ತಿ ಆರು ಸೇರಿತ್ತು,
ಹೆಗಲಿಗೆ ಕೊಟ್ಟು ಕೆಟ್ಟೆ.'
ಯಾವ ಪಾತ್ರ ಎಂದು ಅವನು ಕೇಳಲೇ ಇಲ್ಲ.

ಕೊಯ್ದೆ. ಗರಗಸದ ಸದ್ದಿಗೆ ಹಲ್ಲು ಜುಮ್ಮೆಂದಿತು.
ಎಂಟು ಕೀಲು, ಮೂವತ್ತೆರಡು ಸ್ಕ್ರೂ.
ರೆಕ್ಕೆ ಕೊಡೆಯಂತೆ ಮಡಚಿಕೊಂಡು
ಬೆನ್ನ ಹಿಂದೆಯೇ ಇಳಿದು ಬಂತು.

ಇನ್ನು ಆ ಎದೆ.
ಪಕ್ಕೆಯಲ್ಲಿ ಬ್ಲೇಡಿನಿಂದ ಸೀಳಿ
ಯೂನಿಟ್ಟಿನ ಹಿತ್ತಾಳೆ ಜಿಪ್ಪೊಂದನ್ನು ಕೈಯಲ್ಲೇ ಹೊಲಿದೆ,
ಏಳು ಇಂಚಿನದು, ಲೆಕ್ಕಕ್ಕೆ ಸಿಗದ್ದು.
ಮೇಲೆಳೆದರೆ ಕಾಗೆ.
ಕೆಳಗೆಳೆದರೆ ನಾನು, ಬೆವರಿ, ಏದುಸಿರು ಬಿಡುತ್ತ.

ಕೊಕ್ಕಿಗೆ ಇನ್ನೂ ಬಣ್ಣ ಬಾಕಿ.
ನಾಳೆ ಫಸ್ಟ್ ಶಿಫ್ಟು.