ಎಲೆ ತೆಗೆದವಳು

ಅವಳ ಹೆಸರು ಎಲೆಸ್ಟ್ರೆನ್.
ಕಾರ್ನ್‌ವಾಲಿನ ಈ ಮೂಲೆಯಾಚೆ ಯಾರೂ ಕೇಳಿಲ್ಲ.
ಇಲ್ಲಿಯವರ ಹಳೆಯ ನುಡಿಯಲ್ಲಿ ಅದು
ನೀರಂಚಿನ ಒಂದು ಹೂವಂತೆ;
ನನ್ನ ಕಿವಿಗೆ ಮೊದಲು ಬಿದ್ದದ್ದು ಮಾತ್ರ
ಎಲೆ.

ಸರಿಯಾಗಿಯೇ ಬಿತ್ತು.
ಅವಳು ಮಾಡಿದ್ದು ಅಷ್ಟೇ: ಚರ್ಚಿನ ಹಿಂದಿನ ಬುಗ್ಗೆಯಲ್ಲಿ
ಬಿದ್ದ ಎಲೆ ತೆಗೆದದ್ದು. ನಲವತ್ತು ವರುಷ.
ಸರ್ಪದ ಹೆಡೆ ಮೆಟ್ಟಲಿಲ್ಲ. ಬೀಸುವ ಕಲ್ಲಿನ ಮೇಲೆ ಕೂತು
ಕಡಲು ದಾಟಿ ಬರಲಿಲ್ಲ.
ಯಾವ ರಾಜನೂ ಅವಳ ಕೊರಳು ಕಡಿಸಲಿಲ್ಲ.
ಒಂದು ಮಾಗಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತಳು,
ತೋಳು ಮೊಣಕೈವರೆಗೆ ಒದ್ದೆ.

ಬಣ್ಣದ ಗಾಜಿನಲ್ಲಿ ಅವಳಿಗೆ ಜಾಗವಿಲ್ಲ.
ಗೋಡೆಯಲ್ಲೊಂದು ಕಲ್ಲುಮುಖ; ಮೂಗನ್ನು ಉಪ್ಪುಗಾಳಿ ತಿಂದಿದೆ,
ಬಾಯಿ ಇದ್ದಲ್ಲಿ ಪಾಚಿ.
ಹಬ್ಬದ ತಾರೀಖು ಯಾರೋ ಬರೆದಿಟ್ಟಿದ್ದರಂತೆ,
ಆ ಹಾಳೆಯನ್ನು ಇಲಿ ತಿಂದಿತಂತೆ.

ಇದನ್ನೆಲ್ಲ ಹೇಳಿದ್ದು ಲವ್‌ಡೇ ನ್ಯಾನ್‌ಕ್ಯಾರೊ,
ಎಂಬತ್ತೊಂದು ವರುಷ, ಹಿಂದೆ ಅಂಚೆಕಚೇರಿ ನಡೆಸಿದವಳು,
ಸ್ಟಾಂಪು ಹರಿದು ಕೊಟ್ಟ ಹಾಗೆ ಒಂದೊಂದೇ ಮಾತು.
ಕೈಯಲ್ಲಿ ಉದ್ದ ಹಿಡಿಯ ಜಾಲರಿ.
"ಪುಣ್ಯ ಬರುತ್ತದಾ?" ಎಂದೆ.
"ನೀರು ಬರುತ್ತದೆ," ಎಂದಳು.

ನಮ್ಮದು ಬಾಸೆಲ್ ಮಿಷನ್ನಿನ ಮನೆ. ಅಜ್ಜಿ,
ಹೆಂಚಿನ ಕಾರ್ಖಾನೆಯ ಮಣ್ಣು ಉಗುರಲ್ಲಿಟ್ಟುಕೊಂಡೇ, ಹೇಳುತ್ತಿದ್ದಳು:
ನಮಗೆ ಸಂತರಿಲ್ಲ ಮಗಾ,
ದೇವರ ಹತ್ತಿರ ನೇರ ಮಾತು, ನಡುವೆ ದಲ್ಲಾಳಿ ಬೇಡ.
ನಾನೂ ಹಾಗೇ ಬೆಳೆದವಳು. ಈಗ
ಇಲ್ಲಿಯ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ,
ಮುದುಕರ ಹಲ್ಲುಸೆಟ್ಟು ತೊಳೆದು, ಹಾಸಿಗೆ ಬದಲಿಸಿ,
ನೇರ ಮಾತಿಗೂ ಪುರುಸೊತ್ತಿಲ್ಲ.

ನವೆಂಬರಿನಲ್ಲಿ ಲವ್‌ಡೇ ಜಾರಿ ಬಿದ್ದಳು. ಸೊಂಟ.
ಟ್ರೂರೊದ ಆಸ್ಪತ್ರೆಯಿಂದ ಫೋನು; ನೋವಿನ ಸುದ್ದಿಯೇ ಇಲ್ಲ.
"ಗಾಳಿ ಎದ್ದಿದೆಯಾ ಅಲ್ಲಿ?"
"ಎಲೆ ತೆಗೆದಾಯ್ತು," ಎಂದೆ.
ಹಸಿ ಸುಳ್ಳು.

ಹಗಲು ನಿದ್ದೆ ಹತ್ತಲಿಲ್ಲ.
ಕತ್ತಲಾದ ಮೇಲೆ ಅನ್ನ ಬಸಿಯುವ ತೂತುಪಾತ್ರೆ ಹಿಡಿದು,
ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಹೋದೆ.
ಸಿಕಮೋರಿನ ಎಲೆಗಳು, ಅಂಗೈಯಗಲ,
ನೆನೆದ ಚರ್ಮದಂತೆ ಒಂದಕ್ಕೊಂದು ಅಂಟಿ.
ನಡುವೆ ಯಾರದೋ ಚಿಪ್ಸ್ ಪ್ಯಾಕೆಟ್ಟು.
ನೀರು ಮೂಳೆ ಕೊರೆಯಿತು.
ಪ್ರಾರ್ಥನೆ ಮಾಡಲಿಲ್ಲ ಅಜ್ಜೀ, ನಿನ್ನಾಣೆ.
ಸುಮ್ಮನೆ ಎಣಿಸಿದೆ, ಮೂವತ್ತರ ಮೇಲೆ ಲೆಕ್ಕ ತಪ್ಪಿತು.

ತಳದ ಕಲ್ಲು ಕಂಡಿತು,
ಅರೆಗಳಿಗೆ.
ಮೇಲಿಂದ ಇನ್ನೊಂದು, ಅವಸರವಿಲ್ಲದೆ,
ತಿರುಗುತ್ತ ತಿರುಗುತ್ತ ಇಳಿದು
ನೀರ ಮೇಲೆ ಕೂತಿತು, ತನ್ನದೇ ಜಾಗ ಎಂಬಂತೆ.

ನಲವತ್ತು ವರುಷ ಅಂದರೆ ಇಂಥವು ಎಷ್ಟೋ.
ಅದನ್ನೂ ತೆಗೆದೆ.

ಪಾಳಿಗೆ ಏಳು ನಿಮಿಷ ತಡ.
"ತೋಳೇಕೆ ಒದ್ದೆ?" ಎಂದಳು ಮ್ಯಾನೇಜರು.
"ಪಾತ್ರೆ ತೊಳೆಯುತ್ತಿದ್ದೆ," ಎಂದೆ.
ಇದು ಪೂರ್ತಿ ಸುಳ್ಳಲ್ಲ.