ಕಾವಲಿನವನಿಗೆ ಹೆಸರಿಟ್ಟಿರಲಿಲ್ಲ

ಬೆಟಗೇರಿಯಲ್ಲಿ ನಮ್ಮದೊಂದು ಪ್ರೆಸ್ಸು.
ಆದಿತ್ಯವಾರ ಮಷೀನು ಮಲಗಿರುತ್ತದೆ,
ಮಹಡಿಯ ಮೇಲೆ ನಾವು ನಾಲ್ವರು
ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ.

ಪಾತ್ರಗಳನ್ನು ಬರೆಯಲು ಕಾಗದ ದಂಡಿ:
ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳು.
ಒಂದು ಮಗ್ಗುಲಿಗೆ ಚಿರಂಜೀವಿ, ಚಿ.ಸೌ.,
ಮುತ್ತಜ್ಜನಿಂದ ಇಳಿದು ಬಂದ ಮನೆತನ,
ಆಗಮನಾಭಿಲಾಷಿಗಳು ಇಪ್ಪತ್ತೆಂಟು ಮಂದಿ.
ಇನ್ನೊಂದು ಮಗ್ಗುಲು ಖಾಲಿ.
ಅಲ್ಲಿ ಗೆರೆ ಹೊಡೆದು ಬರೆದೆ:
ಹೆಸರು. ಶಕ್ತಿ. ಚುರುಕು. ಕುಲ.

ಇಂಗ್ಲಿಷ್ ಪುಸ್ತಕದಲ್ಲಿ ಆ ಪದ ಹಗುರಾಗಿತ್ತು.
ಕನ್ನಡದಲ್ಲಿ ಬರೆದಾಗ ಪೆನ್ಸಿಲ್ಲಿನ ಮೊನೆ ಮುರಿಯಿತು,
ಅಥವಾ ಹಾಗೆ ನೆನಪಿಟ್ಟುಕೊಳ್ಳಲು ನನಗಿಷ್ಟ.

ಹುಲಿಗೆಮ್ಮ ಆ ಖಾನೆಯನ್ನು ಬಹಳ ಹೊತ್ತು ನೋಡಿದಳು.
"ಇದನ್ನ ನಾವ ಆರಿಸ್ಕೋಬಹುದೇನು?"
"ಹೂಂ, ಅದ ಆಟ."
"ಹಂಗಾದ್ರ ನಾ ಎಲ್ಲಾರಕಿಂತ ಮ್ಯಾಲಿನಾಕಿ."
ಬೆಳ್ಳಿಬನದವಳಾದಳು, ಚೂಪು ಕಿವಿ,
ಸಾವಿರ ವರ್ಷದ ಆಯುಷ್ಯ.
ಫಕೀರೇಶ ಗವಿಯ ಮಂದಿಯವನಾದ, ಹಸಿರು ತೊಗಲು:
ಕತ್ತಲಲ್ಲಿ ಕಣ್ಣು ಕಾಣುತ್ತದೆ, ಚುರುಕಿಗೆ ಎರಡು ಹೆಚ್ಚು.
ಅವನಿಗೆ ಕುಲವೆಂದರೆ ಬರೀ ಲೆಕ್ಕ.
ನಾಜನೀನ ಕುಳ್ಳ ಕಮ್ಮಾರಳು,
ಗಡ್ಡ ಬೇಕೇ ಬೇಕೆಂದು ಹಟ ಹಿಡಿದಳು.

ಪುಸ್ತಕದಲ್ಲಿ ಒಂದು ಸಾಲಿತ್ತು:
ಗವಿಯ ಮಂದಿ ಹುಟ್ಟಿನಿಂದಲೇ ಕೆಟ್ಟವರು.
ಹವಾಮಾನದ ವರದಿಯ ಹಾಗೆ ಓದಿ ಮುಂದೆ ಹೋದೆ.

ಮೂರನೇ ವಾರ, ಉಪ್ಪಿನಕೋಟೆಯ ಅಗಸಿ.
ಸಂಜೆಯಾಗಿತ್ತು, ಆಟದಲ್ಲೂ ಹೊರಗೂ.
ಕಪ್ಪತಗುಡ್ಡದ ಕಡೆಯ ಗಾಳಿಗೆ ಹಾರದಿರಲೆಂದು
ಹಾಳೆಗಳ ಮೇಲೆ ಹಳೆಯ ಅಚ್ಚಿನ ಮೊಳೆ ಇಟ್ಟಿದ್ದೆವು.
ಕಾವಲಿನವನಾಗಿ ನಾನು ದನಿ ಬದಲಿಸಿದೆ,
ಬರ್ಚಿ ಅಡ್ಡ ಹಿಡಿದು ಫಕೀರೇಶನನ್ನು ಕೇಳಿದೆ:
"ನೀ ಯಾವ ಪೈಕಿ?"

ಎಷ್ಟು ಸಲೀಸಾಗಿ ಬಂತು.
ಪುಸ್ತಕದಲ್ಲಿ ಇರಲಿಲ್ಲ ಅದು.
ಮೂಗಿನಲ್ಲಿ ಒಂಚೂರು, ನಗೆಯಲ್ಲಿ ಒಂಚೂರು,
ನಮ್ಮ ಸೋದರಮಾವ ಬಸ್ಸಿನಲ್ಲಿ
ಪಕ್ಕದವರನ್ನು ಕೇಳುವ ಅದೇ ರಾಗ.

ಫಕೀರೇಶ ನಕ್ಕು ಕತ್ತಿ ಹಿರಿದ. ದಾಳ ಹದಿನೇಳು.
"ತಡಿ," ಅಂದಳು ಹುಲಿಗೆಮ್ಮ.
ಅವಳಿಗೆ ಅಗಸಿ ತೆರೆದೇ ಇತ್ತು,
ಕಾವಲಿನವ ನಡು ಬಾಗಿಸಿ ನಿಂತಿದ್ದ.
ಒಳಗೆ ದೀಪ, ಬಿಸಿನೀರು, ಗಾಯಕ್ಕೆ ಔಷಧ.
ಜೀವ ಉಳಿದದ್ದು ನಾಲ್ಕೇ ಅಂಕ.
ಒಳಗೆ ಹೋಗಲಿಲ್ಲ. ಹೊಡೆಯಲೂ ಇಲ್ಲ.
"ನಿನ್ನ ಹೆಸರೇನಪಾ?" ಎಂದು ಅವನನ್ನು ಕೇಳಿದಳು.
"ಬರ್ಚಿ ಯಾರು ಕೊಟ್ರು?
ಈ ಮಾತು ನಿನಗ ಯಾರು ಕಲಿಸಿದ್ರು?"

ಹಾಳೆ ತಡಕಾಡಿದೆ.
ಅವನಿಗೆ ಶಕ್ತಿ ಹನ್ನೊಂದು ಕೊಟ್ಟಿದ್ದೆ,
ಒಂದು ಬರ್ಚಿ, ಬಾಗಲೊಂದು ಬೆನ್ನು.
ಹೆಸರಿರಲಿಲ್ಲ. ಮನೆಯಿರಲಿಲ್ಲ.
ತಿರುವಿದರೆ ಆಚೆ ಯಾರದೋ ಲಗ್ನ,
ಯಾವ ಪೈಕಿ ಎಂದು ಕೇಳದೆಯೇ ತಿಳಿಯುತ್ತಿತ್ತು.

"ದಾಳ ಹಾಕು," ಅಂದೆ, "ಅವನ ಮನಸು ತಿರುಗಬಹುದು."
"ಒಲ್ಲೆ.
ಹದಿನೈದು ಬಿದ್ರ ಇಂವಾ ಮನಷ್ಯಾ,
ಹದಿನಾಲ್ಕು ಬಿದ್ರ ಅಲ್ಲೇನು?"

ಅಷ್ಟರಲ್ಲಿ ತಂಗಿಯ ಕೈಲಿ ಅವ್ವ ಚಹಾ ಕಳಿಸಿದಳು.
ಎರಡು ಸ್ಟೀಲಿನ ಲೋಟ, ಎರಡು ಕಾಗದದ ಕಪ್ಪು.
ಯಾವುದು ಯಾರಿಗೆಂದು ತಟ್ಟೆ ಹೇಳಲಿಲ್ಲ,
ಹೇಳಬೇಕಾಗಿಯೂ ಇರಲಿಲ್ಲ.
ನಾಜನೀನ ಇಲ್ಲದ ಗಡ್ಡ ಸವರುವುದನ್ನು ನಿಲ್ಲಿಸಿದಳು.
ನಾನು ಅವಸರದಲ್ಲಿ ಕಾಗದದ ಕಪ್ಪು ಎತ್ತಿಕೊಂಡೆ,
ಯಾರಾದರೂ ನೋಡಲಿ ಎಂಬ ಹಾಗೆ.
ಹುಲಿಗೆಮ್ಮ ನೋಡಿದಳು.
"ಕಪ್ಪು ಬದಲ ಮಾಡಿದ್ರ ಅಗಸಿ ತಗದಂಗಾತೇನು?"
ಬೈದಂತಲ್ಲ,
ಆಟದ ನಿಯಮ ಕೇಳಿದಂತೆ.
ಚಹಾ ಚಲೋ ಇತ್ತು. ಎಲ್ಲರೂ ಕುಡಿದೆವು.

ಅವರು ಹೋದ ಮೇಲೆ ಲೋಟ ಕಪ್ಪು ಹಿಡಿದು
ಹದಿನಾಲ್ಕು ಮೆಟ್ಟಿಲು ಇಳಿದೆ.
ಅಡುಗೆಮನೆಯ ಬಾಗಿಲಲ್ಲಿ ಅವ್ವ,
ಕೈಯಲ್ಲಿ ಸಾರಿನ ಸವಟು.
ದಾಳ ಮೇಲೆಯೇ ಉಳಿದಿತ್ತು.
"ಅವ್ವಾ," ಅಂದೆ,
"ಇದನ್ನ ನಿನಗ ಯಾರು ಕಲಿಸಿದ್ರು?"

"ಯಾವುದನ್ನ?" ಅಂದಳು,
ಸವಟು ಅಡ್ಡ ಹಿಡಿದೇ.