ಮಸ್ಟ್‌ಗೆ ನಿನ್ನೆಯಿಲ್ಲ

ಬೆಂಡಿಗೋ ಊರಿನ ಗ್ರಂಥಾಲಯ, ಹಿಂಬದಿಯ ಕೋಣೆ,
ಬುಧವಾರ ಸಂಜೆ ಆರು.
ಬಿಳಿ ಹಲಗೆಯ ಮೇಲೆ ಗ್ಲೆನಿಸ್ ಮೇಡಂ
ಹಸಿರು ಪೆನ್ನಿನಲ್ಲಿ ಬರೆಯುತ್ತಾರೆ: ಮಸ್ಟ್.
ಪಕ್ಕದಲ್ಲಿ, ಹ್ಯಾವ್ ಟು.
ಕೆಳಗೆ, ತುಸು ಸಣ್ಣಗೆ, ನೀಡ್ ಟು, ಶುಡ್.
ನಾಲ್ಕಕ್ಕೂ ಎದುರಾಗಿ ನಾನು ಬರೆದುಕೊಳ್ಳುತ್ತೇನೆ
ಬೇಕು, ಬೇಕು, ಬೇಕು, ಬೇಕು.

ಮಸ್ಟ್ ಒಂಟಿ ಜೀವ, ಎನ್ನುತ್ತಾರೆ ಮೇಡಂ.
ಅದರ ಬೆನ್ನಿಗೆ ಟು ಹಚ್ಚಬೇಡಿ.
ಅವನಾಗಲಿ ಅವಳಾಗಲಿ, ಬಾಲ ಬೆಳೆಯುವುದಿಲ್ಲ.
ಅದಕ್ಕೆ ನಿನ್ನೆ ಎಂಬುದೂ ಇಲ್ಲ.
ಹೂಂ ಎನ್ನುವಾಗ ಹ್ಯಾವ್ ಟು ಅದರ ತಂಗಿ,
ಊಹೂಂ ಎಂದ ಕೂಡಲೇ ಮನೆ ಬೇರೆ:
ಮಸ್ಟ್ ನಾಟ್ ಅಂದರೆ ಕೂಡದು,
ಡೋಂಟ್ ಹ್ಯಾವ್ ಟು ಅಂದರೆ
ಮಾಡದಿದ್ದರೂ ನಡೆಯುತ್ತದೆ.

ನನ್ನ ಪೆನ್ನು ಅಲ್ಲೇ ನಿಂತಿತು.

ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನದು ಹಗಲು, ಲೋರೇನಳದು ರಾತ್ರಿ.
ಅವಳ ಬಲಭುಜ ಮೇಲೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.
ನೀಲಿ ಚೀಲಗಳಲ್ಲಿ ಒದ್ದೆ ಹಾಸಿಗೆ ಬಟ್ಟೆ, ಕಲ್ಲಿನ ಭಾರ.
ನಾಳೆ ಬಂದು ನಾನೇ ಎತ್ತುತ್ತೇನೆ, ನಿನಗೇಕೆ ತೊಂದರೆ,
ಇದು ನನ್ನ ತಲೆಯಲ್ಲಿದ್ದದ್ದು.
ಮೂರನೇ ಯಂತ್ರಕ್ಕೆ ನಾನು ಅಂಟಿಸಿದ್ದ ಚೀಟಿಯಲ್ಲಿ:
ಯೂ ಮಸ್ಟ್ ನಾಟ್ ಟಚ್ ದಿ ಬ್ಲೂ ಬ್ಯಾಗ್ಸ್.
ಅಡಿಗೆರೆ ಬೇರೆ ಎಳೆದಿದ್ದೆ, ಎರಡು ಸಲ,
ಅಕ್ಕರೆಗೆ.

ಇಪ್ಪತ್ತೆರಡು ವರ್ಷ ಆ ಚೀಲ ಎತ್ತಿದವಳು ಅವಳು.
ಮರುದಿನ ನನ್ನ ಕಪ್ಪಿನ ಪಕ್ಕದಲ್ಲಿರುತ್ತಿದ್ದ ಅವಳ ಕಪ್ಪು
ಮೇಲಿನ ಅರೆಗೆ ಹೋಗಿತ್ತು.
ಮೂರು ವಾರ, ಪಾಳಿ ಬದಲಿಸುವಾಗ ಬರೀ ಬಾಗಿಲ ಸದ್ದು.
ಸಿಟ್ಟು ಬಂದಿರಬೇಕು ಅಂದುಕೊಂಡಿದ್ದೆ.
ಶೀ ಮಸ್ಟ್ ಬಿ ಆಂಗ್ರಿ.
ಊಹೆಯಲ್ಲಿ ಮಾತ್ರ ಅವರ ಮಸ್ಟೂ ನಮ್ಮ ಬೇಕೂ
ತಂಟೆಯಿಲ್ಲದೆ ಜೊತೆಗೆ ನಡೆಯುತ್ತವೆ.

ನನ್ನ ಎದುರಿನ ಕುರ್ಚಿ ಖಾದಿಮ್ ಅವರದು,
ಘಜ್ನಿಯ ಕಡೆಯ ದರ್ಜಿ, ಬೆರಳ ತುದಿಯೆಲ್ಲ ಚುಕ್ಕೆ ಚುಕ್ಕೆ.
ಎದ್ದು ನಿಂತು ಓದಿದರು:
ಐ ಮಸ್ಟ್ ಲೆಫ್ಟ್ ಮೈ ಹೌಸ್.
ಮೇಡಂ ತಿದ್ದಿದರು: ಹ್ಯಾಡ್ ಟು ಲೀವ್.
ಹೊಲಿಗೆ ಹಾಕುವ ಹಾಗೆ ಒಂದೊಂದೇ ಅಕ್ಷರ ಇಳಿಸಿಕೊಂಡರು.
ಆಮೇಲೆ ಕೈ ಎತ್ತಿ ಕೇಳಿದರು:
ಹ್ಯಾಡ್ ಟು ಎಂದು ಬರೆದರೆ, ಅದು ಮುಗಿಯಿತಾ?
ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬಂತು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ.
ನನಗೆ ನೀರು ಬೇಕು, ಅದು ಬಾಯಾರಿಕೆ.
ನಾನು ನೀರು ತರಬೇಕು, ಅದು ಹೊರೆ.
ಒಂದೇ ಬೇಕು. ನಡುವೆ ಒಂದು ವಿಭಕ್ತಿಯ ಗೋಡೆ,
ಅದೂ ಒಮ್ಮೊಮ್ಮೆ ಬಿದ್ದಿರುತ್ತದೆ:
ನಾನು ಓದಬೇಕು ಎಂದು ಅತ್ತಿದ್ದೆ ಹದಿನಾರರಲ್ಲಿ,
ಆಸೆಯೋ ಕಡ್ಡಾಯವೋ, ಯಾರೂ ವಿಚಾರಿಸಲಿಲ್ಲ.

ಹೊಸ ಚೀಟಿ ಬರೆದೆ. ನಾಲ್ಕು ಹರಿದು ಐದನೆಯದು.
ನೀಲಿ ಚೀಲ ನೀನು ಎತ್ತಲೇಬೇಕಾಗಿಲ್ಲ, ಅಷ್ಟೇ ಹೇಳಬೇಕಿತ್ತು.
ಸಾರಿ ಅಂತ ಸೇರಿಸಿ, ಕೊನೆಗೆ
ಯೂ ಡೋಂಟ್ ಹ್ಯಾವ್ ಟು ಫರ್‌ಗಿವ್ ಮಿ.
ಅಡಿಗೆರೆ ಎಳೆಯಲಿಲ್ಲ.

ಬೆಳಿಗ್ಗೆ ಅದೇ ಕಾಗದದ ಕೆಳಗೆ, ದಪ್ಪ ಅಕ್ಷರ:
ಯೂ ಮಸ್ಟ್ ಕಮ್ ಫಾರ್ ಟೀ. ಸಂಡೇ.
ಮತ್ತೆ ಮಸ್ಟ್! ಎದೆ ಝಲ್ಲೆಂದಿತು.
ಇದು ಯಾವ ಆಜ್ಞೆ, ಯಾವ ಕಚೇರಿಯದು?
ಆಮೇಲೆ ಇಳಕಲ್ಲಿನ ನಮ್ಮ ಓಣಿ ನೆನಪಾಯಿತು,
ಕುಂಕುಮದ ಭರಣಿ ಹಿಡಿದು ಮನೆ ಮನೆಯ ಹೊಸ್ತಿಲಲ್ಲಿ ಅವ್ವ:
ಬರಾಕ ಬೇಕ ನೋಡ್ರಿ, ತಪ್ಪಸಬ್ಯಾಡ್ರಿ.
ಯಾರೂ ಹೆದರಿದ್ದು ಕಾಣೆ.

ಈ ಊರಲ್ಲಿ ಟೀ ಅಂದರೆ ರಾತ್ರಿಯೂಟ,
ಯಾವ ಹಲಗೆಯ ಮೇಲೂ ಬರೆದಿರಲಿಲ್ಲ.
ನಾಲ್ಕಕ್ಕೇ ಹೋಗಿ ನಿಂತೆ, ಡಬ್ಬಿಯಲ್ಲಿ ಚಕ್ಕುಲಿ.
ಒಲೆ ಇನ್ನೂ ತಣ್ಣಗಿತ್ತು. ಅವಳು ಒಂದೇ ಸಮ ನಕ್ಕಳು.
ಒಂದು ಬುಟ್ಟಿ ಆಲೂಗಡ್ಡೆ, ಒಂದು ಚಾಕು,
ಎಡಗೈಯಲ್ಲಿ ನನ್ನ ಮುಂದೆ ಸರಿಸಿ,
ಯೂ ಡೋಂಟ್ ಹ್ಯಾವ್ ಟು, ಅಂದಳು.

ಸುಲಿಯತೊಡಗಿದೆ.